ಪಾದ್ರಿಯೊಬ್ಬರು ಕಲಿಸಿದ ಲೆಕ್ಕ

(ರೈತರ ಅಧ್ಯಯನ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)



ಬೆಳಗಿನಿಂದ ಇಲ್ಲಿ ಬೆಲೆಯ ಮಾತು, ಸಾಲದ ಮಾತು, ಬಡ್ಡಿಯ ಮಾತು ನಡೆದಿದೆ. ಈಗ ನಾನು ಒಬ್ಬ ಪಾದ್ರಿಯ ಕಥೆ ಹೇಳಲು ನಿಂತಿದ್ದೇನೆ. ಅವರು ಕೆನಡಾ ದೇಶದವರು, ದೊಡ್ಡ ವಿದ್ವಾಂಸರು. ಅವರು ಮೊದಲು ಕಟ್ಟಿ ನಿಲ್ಲಿಸಿದ್ದು ಮೀನು ಹಿಡಿಯುವವರನ್ನು. "ಇದೇನಯ್ಯಾ, ಹೊಲ ಉಳೋರಿಗೆ ಮೀನಿನ ಕಥೆ" ಅಂತ ಹಿಂದಿನ ಸಾಲಿನಲ್ಲಿ ಯಾರೋ ಅಂದರು. ಸ್ವಲ್ಪ ತಾಳಿ. ಮೊದಲು ನಮ್ಮ ಮನೆ ಕಥೆಯಿಂದಲೇ ಶುರು ಮಾಡ್ತೀನಿ.

ನಮ್ಮಪ್ಪ ಕಡಲೆಕಾಯಿ ಬೆಳೆಯುತ್ತಿದ್ದರು. ಬಿತ್ತನೆಗೆ ಬೀಜ ಬೇಕು, ಗೊಬ್ಬರ ಬೇಕು, ಒಮ್ಮೊಮ್ಮೆ ಮದುವೆಗೆ, ಕಾಯಿಲೆಗೆ ಕೈಗೆ ಕಾಸು ಬೇಕು. ಪೇಟೆಯ ಒಬ್ಬ ಮಂಡಿ ಸಾಹುಕಾರ ಇಲ್ಲ ಅನ್ನದೆ ಕೊಡುತ್ತಿದ್ದ. ನೋಡಲಿಕ್ಕೆ ಒಳ್ಳೆಯವನೇ. ಹೋದರೆ ಕಾಫಿ ತರಿಸುತ್ತಿದ್ದ, ಮಕ್ಕಳ ಓದು ವಿಚಾರಿಸುತ್ತಿದ್ದ. ಒಂದೇ ಕರಾರು: ಕಾಯಿ ಬಿಡಿಸಿದ ಮೇಲೆ ಅವನ ಮಂಡಿಗೇ ಹಾಕಬೇಕು. ಬೆಲೆ ಅವನು ಹೇಳಿದ್ದು, ತೂಕ ಅವನ ತಕ್ಕಡಿಯದು, ಕಮಿಷನ್ನು, ಹಮಾಲಿ ಅಂತ ಮುರಿದುಕೊಳ್ಳುವುದೂ ಅವನೇ. ಲೆಕ್ಕವೆಲ್ಲ ಕೆಂಪು ಬಟ್ಟೆಯ ರಟ್ಟು ಹಾಕಿದ ಒಂದು ಉದ್ದ ಪುಸ್ತಕದಲ್ಲಿ. ನಮ್ಮಪ್ಪನಿಗೆ ಓದು ಬರುತ್ತಿತ್ತು. ಭಾರತ ಓದುತ್ತಿದ್ದರು, ಪಂಚಾಂಗ ನೋಡುತ್ತಿದ್ದರು. ಆದರೂ ಮೂವತ್ತು ವರ್ಷದಲ್ಲಿ ಒಂದು ಸಲವೂ "ಆ ಪುಸ್ತಕ ಈ ಕಡೆ ತಿರುಗಿಸಿ, ನಾನೂ ನೋಡ್ತೀನಿ" ಅಂತ ಕೇಳಲಿಲ್ಲ. ಕೇಳಿದರೆ ಏನು ತಿಳಿದುಕೊಂಡಾರೋ ಅನ್ನುವ ಸಂಕೋಚ. ಮುಂದಿನ ವರ್ಷ ಕೊಡದೇ ಹೋದರೆ ಅನ್ನುವ ಭಯ. ಅವರು ತೀರಿಕೊಂಡ ಮೇಲೆ ಬಾಕಿ ಎಷ್ಟು ಅಂತ ನಮಗೆ ತಿಳಿದದ್ದು ಸಾಹುಕಾರನ ಬಾಯಿಂದಲೇ. ಎರಡು ಎಕರೆ ಹೋಯಿತು.

ಈಗ ಕೆನಡಾಕ್ಕೆ ಹೋಗೋಣ. ಆ ದೇಶದ ಪೂರ್ವದ ಅಂಚಿನಲ್ಲಿ, ಅಟ್ಲಾಂಟಿಕ್ ಸಮುದ್ರದ ದಡದಲ್ಲಿ ನೋವಾ ಸ್ಕೋಷಿಯಾ ಅಂತ ಒಂದು ಪ್ರಾಂತ್ಯ ಇದೆ. ಆ ಕಾಲದಲ್ಲಿ ಅಲ್ಲಿಯ ಜನ ಹೆಚ್ಚಾಗಿ ಮೂರು ತರದವರಾಗಿದ್ದರು: ಸಣ್ಣ ಹಿಡುವಳಿ ರೈತರು, ಬೆಸ್ತರು, ಕಲ್ಲಿದ್ದಲು ಗಣಿಯ ಕೆಲಸಗಾರರು. ಬೆಸ್ತನಿಗೆ ಬಲೆ, ಹಗ್ಗ, ಉಪ್ಪು, ಮನೆಗೆ ಹಿಟ್ಟು, ಚಹಾ ಎಲ್ಲವನ್ನೂ ಊರ ವ್ಯಾಪಾರಿ ಸಾಲವಾಗಿ ಕೊಡುತ್ತಿದ್ದ. ಬದಲಿಗೆ ಹಿಡಿದ ಮೀನೆಲ್ಲ ಅವನಿಗೇ ಹಾಕಬೇಕು, ಅವನು ಹೇಳಿದ ಬೆಲೆಗೆ. ಹಿಟ್ಟಿನ ಬೆಲೆಯೂ ಅವನದೇ, ಮೀನಿನ ಬೆಲೆಯೂ ಅವನದೇ. ಎಷ್ಟೋ ಮನೆಗಳಲ್ಲಿ ವರ್ಷವಿಡೀ ನಗದು ದುಡ್ಡಿನ ಮುಖ ನೋಡುತ್ತಿರಲಿಲ್ಲ. ಪುಸ್ತಕದಲ್ಲೇ ಜಮಾ, ಪುಸ್ತಕದಲ್ಲೇ ಖರ್ಚು, ಕೊನೆಗೆ ಬಾಕಿ. ನಮ್ಮ ಕೆಂಪು ಪುಸ್ತಕ ಅಲ್ಲಿಯೂ ಇತ್ತು ಅಂತ ಈಗ ಗೊತ್ತಾಯಿತಲ್ಲ?

ಆ ಸೀಮೆಯ ಕೇಪ್ ಬ್ರೆಟನ್ ದ್ವೀಪದಲ್ಲಿ, ಮಾರ್ಗರೀ ಎಂಬ ಹೊಳೆಯ ಕಣಿವೆಯ ರೈತ ಮನೆಯಲ್ಲಿ 1882ರಲ್ಲಿ ಹುಟ್ಟಿದವರು ಮೋಸೆಸ್ ಕೋಡಿ. ತುಂಬಿದ ಸಂಸಾರ. ಹೊಲದ ಕೆಲಸ ಮಾಡಿಕೊಂಡೇ ಬೆಳೆದ ಹುಡುಗ. ಮೊದಲು ಶಾಲಾ ಮೇಷ್ಟ್ರಾದರು. ಆಮೇಲೆ ಆಂಟಿಗೊನಿಶ್ ಎಂಬ ಸಣ್ಣ ಪಟ್ಟಣದ ಸೇಂಟ್ ಫ್ರಾನ್ಸಿಸ್ ಜೇವಿಯರ್ ವಿಶ್ವವಿದ್ಯಾಲಯದಲ್ಲಿ ಓದಿ 1905ರಲ್ಲಿ ಪದವಿ ಪಡೆದರು. ಬಿಷಪ್ಪರು ಅವರನ್ನು ರೋಮಿಗೆ ಕಳಿಸಿದರು. ಅಲ್ಲಿ ತತ್ವಶಾಸ್ತ್ರ, ಧರ್ಮಶಾಸ್ತ್ರ ಎರಡರಲ್ಲೂ ಡಾಕ್ಟರ್ ಆಗಿ, 1910ರಲ್ಲಿ ಪಾದ್ರಿ ದೀಕ್ಷೆ ಪಡೆದು ಊರಿಗೆ ಬಂದರು. ಓದಿದ ವಿಶ್ವವಿದ್ಯಾಲಯದಲ್ಲೇ ಪಾಠ ಹೇಳುವ ಕೆಲಸ ಸಿಕ್ಕಿತು. ಹಾಗೇ ಇದ್ದುಬಿಟ್ಟಿದ್ದರೆ ಅವರಿಗೇನೂ ಕಡಿಮೆ ಇರಲಿಲ್ಲ. ನಮ್ಮಲ್ಲೂ ರೈತನ ಮಗ ಓದಿ ಪ್ರೊಫೆಸರ್ ಆದ ಮೇಲೆ ಊರಿಗೆ ಬರುವುದು ಹಬ್ಬಕ್ಕೆ, ಇಲ್ಲವೇ ಭಾಗ ಕೇಳೋಕೆ. ಯಾರನ್ನೂ ನೋಯಿಸೋಕೆ ಹೇಳ್ತಿಲ್ಲ. ನನ್ನನ್ನೂ ಸೇರಿಸಿಕೊಂಡೇ ಹೇಳ್ತಿದ್ದೇನೆ.

ಕೋಡಿಯವರನ್ನು ಹಾಗಿರಲು ಬಿಡದವರು ಅವರ ಸೋದರ ಸಂಬಂಧಿ, ಜಿಮ್ಮಿ ಟಾಂಪ್ಕಿನ್ಸ್ ಎಂಬ ಇನ್ನೊಬ್ಬ ಪಾದ್ರಿ. ಆಳು ಸಣ್ಣ, ಮಾತು ಚುರುಕು. ವಿದ್ಯೆ ಅನ್ನೋದು ಕಾಲೇಜಿನ ಗೋಡೆ ಒಳಗೆ ಕೊಳೆಯಬಾರದು, ಜನ ಇರುವಲ್ಲಿಗೆ ಹೋಗಬೇಕು ಅಂತ ಅವರ ಹಟ. 1921ರಲ್ಲಿ ಅದೇ ಹೆಸರಿನ ಪುಸ್ತಿಕೆ ಬರೆದರು, "ಜನರಿಗೆ ಜ್ಞಾನ" ಅಂತ. ಅದೇ ವರ್ಷ ಚಳಿಗಾಲದಲ್ಲಿ, ಹೊಲದ ಕೆಲಸ ಇಲ್ಲದ ಹೊತ್ತಿನಲ್ಲಿ, ವಿಶ್ವವಿದ್ಯಾಲಯದಲ್ಲಿ ಜನಶಾಲೆ ತೆರೆದರು. ಪ್ರವೇಶ ಪರೀಕ್ಷೆ ಇಲ್ಲ, ಸರ್ಟಿಫಿಕೇಟು ಕೇಳುವಂತಿಲ್ಲ. ಐವತ್ತರಷ್ಟು ಮಂದಿ ಬಂದು ಕೂತರು. ಕೋಡಿಯವರೂ ಅದೇ ವರ್ಷ ಪ್ರಾಂತ್ಯದ ಶಾಲಾ ಮೇಷ್ಟ್ರುಗಳ ಸಂಘವನ್ನು ಕಟ್ಟಿ ನಿಲ್ಲಿಸಲು ಓಡಾಡುತ್ತಿದ್ದರು. ಸಂಬಳ ಸಾಲದೆ ಬಳಲುತ್ತಿದ್ದ ಮೇಷ್ಟ್ರುಗಳ ಪರವಾಗಿ ಅವರ ಪತ್ರಿಕೆಯನ್ನೂ ತಾವೇ ನೋಡಿಕೊಂಡರು. ಸಂಘ ಕಟ್ಟುವ ಕೆಲಸ ಅವರು ಕಲಿತದ್ದು ಅಲ್ಲಿ.

ಟಾಂಪ್ಕಿನ್ಸರಿಗೆ ಬಹುಮಾನ ಏನು ಸಿಕ್ಕಿತು ಗೊತ್ತೇ? ವರ್ಗಾವಣೆ. ಪ್ರಾಂತ್ಯದ ಕಾಲೇಜುಗಳನ್ನೆಲ್ಲ ಒಂದುಗೂಡಿಸುವ ಯೋಜನೆಯಲ್ಲಿ ಬಿಷಪ್ಪರಿಗೆ ಎದುರು ಮಾತಾಡಿದರು ಅಂತ, ಕ್ಯಾನ್ಸೋ ಎಂಬ ಕಡಲ ತುದಿಯ ಬೆಸ್ತರ ಊರಿಗೆ ಕಳಿಸಿಬಿಟ್ಟರು. ಶಿಕ್ಷೆ ಅಂತ ಕಳಿಸಿದ್ದು ಬೆಸ್ತರ ಪಾಲಿಗೆ ವರವಾಯಿತು. 1927ರ ಜುಲೈ 1, ಕೆನಡಾ ಒಕ್ಕೂಟವಾಗಿ ಅರವತ್ತು ವರ್ಷ ತುಂಬಿದ ದಿನ. ದೇಶವೆಲ್ಲ ಬಾವುಟ, ಬ್ಯಾಂಡು. ಕ್ಯಾನ್ಸೋದ ಬೆಸ್ತರು ಸಭೆ ಸೇರಿ ಕೇಳಿದರು: ನಮಗೇನಿದೆ ಹಬ್ಬ? ಪಾದ್ರಿಗಳು ಆ ಕೂಗನ್ನು ಪತ್ರಿಕೆಗಳಿಗೆ, ಸರ್ಕಾರಕ್ಕೆ ಮುಟ್ಟಿಸಿದರು. ಸರ್ಕಾರ ನ್ಯಾಯಾಧೀಶ ಮ್ಯಾಕ್ಲೀನ್ ಅವರ ಮುಂದಾಳ್ತನದಲ್ಲಿ ವಿಚಾರಣಾ ಆಯೋಗ ನೇಮಿಸಿತು. ಅದರ ಮುಂದೆ ಕೋಡಿಯವರು ಹೋಗಿ ಹೇಳಿಕೆ ಕೊಟ್ಟರು. ಬೆಸ್ತರು ಸಹಕಾರದಲ್ಲಿ ಒಂದಾಗಬೇಕು, ಅದಕ್ಕೆ ಸರ್ಕಾರ ನೆರವಾಗಬೇಕು ಅಂತ ಆಯೋಗ ವರದಿ ಕೊಟ್ಟಿತು. 1928ರಲ್ಲಿ ವಿಶ್ವವಿದ್ಯಾಲಯ ಜನರ ಶಿಕ್ಷಣಕ್ಕಾಗಿಯೇ ಒಂದು ವಿಸ್ತರಣಾ ವಿಭಾಗ ತೆರೆದು ಕೋಡಿಯವರನ್ನು ಅದರ ಮುಖ್ಯಸ್ಥರಾಗಿ ಮಾಡಿತು. ಆಗ ಅವರಿಗೆ 46 ವರ್ಷ.

1929ರ ಕೊನೆಯಲ್ಲಿ ಮೀನುಗಾರಿಕೆ ಇಲಾಖೆಯೇ ಅವರನ್ನು ಕರೆದು, ಬೆಸ್ತರನ್ನು ಸಂಘಟಿಸಿ ಅಂತ ಕೇಳಿತು. ಆ ಚಳಿಗಾಲವೆಲ್ಲ, ಹಿಮ ಸುರಿಯುವಾಗ, ದಡದ ಊರೂರು ಸುತ್ತಿದರು. ಆಜಾನುಬಾಹು, ದೊಡ್ಡ ದನಿ, ಮಾತಿಗೆ ನಿಂತರೆ ಸಭೆ ಅಲ್ಲಾಡುತ್ತಿರಲಿಲ್ಲ. 1930ರ ಜೂನಿನಲ್ಲಿ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಸುಮಾರು 200 ಪ್ರತಿನಿಧಿಗಳು ಸೇರಿ ಬೆಸ್ತರ ಒಕ್ಕೂಟ ಕಟ್ಟಿದರು.

ಬಂಧುಗಳೇ, ಇಲ್ಲಿಯವರೆಗೆ ಕಥೆ ನಮಗೆ ಹೊಸದಲ್ಲ. ಸಭೆ ನಾವೂ ಮಾಡಿದ್ದೇವೆ, ಮೆರವಣಿಗೆ ಮಾಡಿದ್ದೇವೆ, ಆಯೋಗಗಳನ್ನೂ ನೋಡಿದ್ದೇವೆ. ಕೋಡಿಯವರ ಹೆಚ್ಚುಗಾರಿಕೆ ಇರುವುದು ಸಭೆ ಮುಗಿದು ಜನ ಚದುರಿದ ಮೇಲೆ ಅವರು ಏನು ಮಾಡಿದರು ಅನ್ನುವುದರಲ್ಲಿ. ದೊಡ್ಡ ಸಭೆಯ ಕೊನೆಗೆ ಅವರು ಕೇಳುತ್ತಿದ್ದುದು ಚಂದಾ ಹಣ ಅಲ್ಲ. ಅಕ್ಕಪಕ್ಕದ ಮನೆಯವರು ಏಳೆಂಟು ಜನ, ಹತ್ತು ಜನ ಸೇರಿ ಒಂದು ಅಧ್ಯಯನ ಕೂಟ ಮಾಡಿಕೊಳ್ಳಿ, ವಾರಕ್ಕೊಂದು ರಾತ್ರಿ ಯಾರಾದರೊಬ್ಬರ ಅಡುಗೆಮನೆಯಲ್ಲಿ ಕೂತುಕೊಳ್ಳಿ ಅನ್ನುತ್ತಿದ್ದರು. ಓದು ಬರುವವನು ಗಟ್ಟಿಯಾಗಿ ಓದಬೇಕು, ಬಾರದವನು ಕೇಳಿ ಪ್ರಶ್ನೆ ಹಾಕಬೇಕು. ವಿಶ್ವವಿದ್ಯಾಲಯದಿಂದ ಸಣ್ಣ ಪುಸ್ತಿಕೆಗಳು, ಪತ್ರಿಕೆ ಬರುತ್ತಿದ್ದವು.

ಕೂಟದಲ್ಲಿ ಓದುತ್ತಿದ್ದುದು ಏನು? ದೇವರ ವಿಷಯ ಅಲ್ಲ. ನಾವು ಹಿಡಿದ ಮೀನು ಇಲ್ಲಿ ಯಾವ ಬೆಲೆಗೆ ಹೋಗುತ್ತೆ, ಬಾಸ್ಟನ್ ಪೇಟೆಯಲ್ಲಿ ಯಾವ ಬೆಲೆಗೆ ಮಾರುತ್ತೆ, ನಡುವಿನದು ಯಾರ ಜೇಬಿಗೆ ಹೋಯಿತು? ಹಿಟ್ಟಿನ ಮೂಟೆ ಗಿರಣಿಯಲ್ಲಿ ಎಷ್ಟು, ನಮ್ಮ ಅಂಗಡಿಯಲ್ಲಿ ಎಷ್ಟು? ಉದ್ರಿಯಲ್ಲಿ ತಂದದ್ದಕ್ಕೆ ನಾವು ಕೊಡುವ ನಿಜವಾದ ಬಡ್ಡಿ ಎಷ್ಟು? ಹೀಗೆ ತಿಂಗಳುಗಟ್ಟಲೆ ಲೆಕ್ಕ ಕಲಿತ ಮೇಲೇ ಸಂಘ, ಅಂಗಡಿ, ಕಾರ್ಖಾನೆ. ಓದು ಮುಗಿಯದೆ ಬೋರ್ಡು ಏರುವಂತಿಲ್ಲ.

ಆ ಲೆಕ್ಕವನ್ನು ನಾವೂ ಒಂದು ಸಲ ಹಾಕಿ ನೋಡೋಣ. ದಲ್ಲಾಳಿ ನಿಮಗೆ "ಬಡ್ಡಿಯೇ ಬೇಡಪ್ಪ" ಅಂತ 10,000 ರೂಪಾಯಿ ಕೊಟ್ಟ ಅಂತ ಇಟ್ಟುಕೊಳ್ಳಿ. ಆರು ತಿಂಗಳಾದ ಮೇಲೆ 20 ಕ್ವಿಂಟಲ್ ಮಾಲು ಅವನಿಗೆ ಹಾಕಿದಿರಿ. ಹೊರಗಿನ ಬೆಲೆಗಿಂತ ಕ್ವಿಂಟಲಿಗೆ 200 ರೂಪಾಯಿ ಕಮ್ಮಿ ಹಿಡಿದ. ಎಷ್ಟಾಯಿತು? 4,000. ಹತ್ತು ಸಾವಿರಕ್ಕೆ ಆರು ತಿಂಗಳಿಗೆ ನಾಲ್ಕು ಸಾವಿರ ಅಂದರೆ, ವರ್ಷಕ್ಕೆ ನೂರಕ್ಕೆ 80ರ ಬಡ್ಡಿ. ತೂಕದಲ್ಲಿ ಹೋದದ್ದು ಬೇರೆ. ಬೆಲೆ ಬೇರೆ, ಸಾಲ ಬೇರೆ ಅಂತ ನಾವು ಎರಡು ಭಾಷಣ ಮಾಡುತ್ತೇವೆ. ಬೆಲೆಯ ಒಳಗೇ ಬಡ್ಡಿ ಅಡಗಿ ಕೂತಿರುತ್ತೆ. ಅದನ್ನು ಹೊರಗೆ ಎಳೆದು ತೋರಿಸುವುದೇ ಆ ಅಡುಗೆಮನೆ ಶಾಲೆಯ ಮೊದಲ ಪಾಠ.

ಪಾಠ ಕಲಿತವರು ಏನು ಮಾಡಿದರು? ಕ್ಯಾನ್ಸೋ ಹತ್ತಿರ ಲಿಟಲ್ ಡೋವರ್ ಅಂತ ಒಂದು ಊರು. ಬಂಡೆಗಲ್ಲು ನೆಲ, ಬಡತನ ಅಂದರೆ ಬಡತನ. ಹಾಲಿಗೆ ಹಸು ಸಾಕಲು ಮೇವಿಲ್ಲದ ಆ ಊರಿಗೆ ಟಾಂಪ್ಕಿನ್ಸರು ಮಕ್ಕಳ ಹಾಲಿಗೆಂದು ಆಡು ತರಿಸಿದ್ದರು. ಆ ಊರಿನವರು ಕೂಟದಲ್ಲಿ ಕೂತು ಚರ್ಚಿಸಿ, ಲಾಬ್‌ಸ್ಟರ್ ಎಂಬ ದೊಡ್ಡ ಸಿಗಡಿಯನ್ನು ಡಬ್ಬಿಗೆ ತುಂಬುವ ಕಾರ್ಖಾನೆ ನಾವೇ ಯಾಕೆ ಮಾಡಬಾರದು ಅಂದುಕೊಂಡರು. ತಾವೇ ಕಾಡಿಗೆ ಹೋಗಿ ಮರ ಕಡಿದು ತಂದರು, ತಾವೇ ಕಟ್ಟಿದರು, ಯಂತ್ರಕ್ಕೆ ಮಾತ್ರ ಸಾಲ ಎತ್ತಿದರು. ಬೇರೆ ಊರಿನವರು ಜೀವಂತ ಸಿಗಡಿಯನ್ನು ಪೆಟ್ಟಿಗೆಗೆ ತುಂಬಿ ನೇರವಾಗಿ ಬಾಸ್ಟನ್ನಿಗೆ ಕಳಿಸಿ ನೋಡಿದರು. ಸಾಗಾಣಿಕೆ ಖರ್ಚು ಕಳೆದು ಬಂದ ದುಡ್ಡು ಊರ ವ್ಯಾಪಾರಿ ಕೊಡುತ್ತಿದ್ದುದಕ್ಕಿಂತ ಬಹಳ ಹೆಚ್ಚಿತ್ತು. ಆ ದಿನ ಅವರಿಗೆ ಬಂದದ್ದು ಬರೀ ಲಾಭ ಅಲ್ಲ. ಇಷ್ಟು ವರ್ಷ ನಮ್ಮಿಂದ ಹೋದದ್ದು ಎಷ್ಟು ಅನ್ನುವ ತಿಳಿವಳಿಕೆಯೂ ಬಂತು.

ಸಾಲದ ಗಂಟು ಬಿಚ್ಚುವುದಕ್ಕೆ ಊರೂರಲ್ಲಿ ಪತ್ತಿನ ಸಂಘ ಮಾಡಿದರು. ವಾರಕ್ಕೆ ನಾಲ್ಕು ಕಾಸು, ಎಂಟು ಕಾಸು ಕೂಡಿಸುವುದು, ಕೂಡಿದ್ದರಲ್ಲಿ ಗುರುತು ಪರಿಚಯದವನಿಗೆ ಸಾಲ ಕೊಡುವುದು, ಲೆಕ್ಕ ಎಲ್ಲರ ಮುಂದೆ ಓದುವುದು. ಇಲ್ಲೊಂದು ಮಾತು ನಿಮಗೆ ಹೇಳಲೇಬೇಕು. ಈ ಬೀಜ ಅಲ್ಲಿಗೆ ಹೋದ ದಾರಿಯಲ್ಲಿ ನಮ್ಮ ದೇಶವೂ ಇದೆ. ಜರ್ಮನಿಯ ರೈಫೈಸನ್ ಎಂಬ ಹಳ್ಳಿಯ ಮೇಯರ್ 1864ರಲ್ಲಿ ಕಟ್ಟಿದ ರೈತರ ಪತ್ತಿನ ಸಂಘವೇ ಮೂಲ. ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ ಅದನ್ನು ಕಂಡು ಬಂದು 1895ರಲ್ಲಿ ವರದಿ ಬರೆದರು. 1904ರಲ್ಲಿ ಕಾನೂನು ಬಂತು. 1905ರಲ್ಲಿ ನಮ್ಮ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಅದೇ ಕಾನೂನಿನ ಕೆಳಗೆ ಬಂಗಾಳದ ಹಳ್ಳಿಗಳಲ್ಲೂ ಸಂಘಗಳು ಎದ್ದವು. 1907ರಲ್ಲಿ ಎಡ್ವರ್ಡ್ ಫಿಲೀನ್ ಎಂಬ ಬಾಸ್ಟನ್ನಿನ ದೊಡ್ಡ ಜವಳಿ ವ್ಯಾಪಾರಿ ಪ್ರವಾಸಕ್ಕೆ ಬಂದವರು ಆ ಸಂಘಗಳನ್ನು ನೋಡಿ ಬೆರಗಾದರು. ಊರಿಗೆ ಹಿಂತಿರುಗಿ ಅಮೆರಿಕದಲ್ಲಿ ಪತ್ತಿನ ಸಂಘಗಳಿಗಾಗಿ ತಮ್ಮ ಹಣ ಸುರಿದರು. ಅವರು ನೇಮಿಸಿಕೊಂಡ ವಕೀಲ ರಾಯ್ ಬರ್ಗೆನ್‌ಗ್ರೆನ್ ಆಂಟಿಗೊನಿಶ್‌ಗೆ ಬಂದು ಕೋಡಿಯವರಿಗೆ ನೆರವಾದರು. 1932ರಲ್ಲಿ ನೋವಾ ಸ್ಕೋಷಿಯಾದಲ್ಲಿ ಪತ್ತಿನ ಸಂಘಗಳ ಕಾನೂನು ಆಯಿತು. ನಮ್ಮ ಹಳ್ಳಿಗಳ ಕೈ ಹಿಡಿದೇ ಆ ಬೆಸ್ತರೂ ಎದ್ದರು ಅಂದರೆ ತಪ್ಪಿಲ್ಲ.

ಬೀಜ ಒಂದೇ ಆದರೂ ಬಿತ್ತನೆ ಬೇರೆ ಆಯಿತು. ನಮ್ಮಲ್ಲಿ ಕಾನೂನು ಮೊದಲು, ರಿಜಿಸ್ಟ್ರಾರ್ ಸಾಹೇಬರು ಆಮೇಲೆ, ರೈತ ಕೊನೆಗೆ. ಸಂಘದ ಪುಸ್ತಕ ಸೆಕ್ರೆಟರಿ ಕೈಯಲ್ಲಿ. ಸದಸ್ಯನಿಗೆ ಗೊತ್ತಿರೋದು ಸಾಲ ಕೊಡುವ ತಾರೀಖು, ನೋಟೀಸು ಬರುವ ತಾರೀಖು. ಅಲ್ಲಿ ಮಾತ್ರ ಮೊದಲು ಅಡುಗೆಮನೆ, ಆಮೇಲೆ ಸಂಘ. 1930ರ ದಶಕ ಮುಗಿಯುವ ಹೊತ್ತಿಗೆ ಆ ಕೂಟಗಳು ಸಾವಿರ ದಾಟಿದ್ದವು. ಅದು ಜಗತ್ತಿಗೆಲ್ಲ ಕೆಟ್ಟ ಕಾಲ, ಬೆಲೆಗಳು ನೆಲ ಕಚ್ಚಿದ ಕಾಲ ಅನ್ನೋದನ್ನು ನೆನಪಿಡಿ.

ಈ ಕೆಲಸ ಒಬ್ಬ ಕೋಡಿಯವರದಲ್ಲ. ಎ.ಬಿ. ಮ್ಯಾಕ್‌ಡೊನಾಲ್ಡ್ ಎಂಬ ಕೃಷಿ ಪದವೀಧರರು ಅವರ ಬಲಗೈ. ಗಣಿ ಸೀಮೆಗೆ ಅಲೆಕ್ಸ್ ಮ್ಯಾಕಿಂಟೈರ್ ಎಂಬ ಹಳೆಯ ಗಣಿ ಕಾರ್ಮಿಕ ನಾಯಕರನ್ನು ನೇಮಿಸಿಕೊಂಡರು. ಅವರು ಮೊದಲು ಎಡಪಕ್ಷದಲ್ಲಿದ್ದವರು. ಪಾದ್ರಿ ಅದನ್ನು ನೋಡಲಿಲ್ಲ, ಜನ ಅವರ ಮಾತು ಕೇಳ್ತಾರೆ ಅನ್ನೋದನ್ನು ನೋಡಿದರು. ಐಡಾ ಗ್ಯಾಲಂಟ್ ಅವರಂಥ ಹೆಣ್ಣುಮಕ್ಕಳು ಹಳ್ಳಿ, ಗಣಿ ಕೇರಿಗಳಲ್ಲಿ ಹೆಂಗಸರ ಕೂಟಗಳನ್ನು ನಡೆಸಿದರು. ಕ್ರೈಸ್ತರಲ್ಲೇ ಎರಡು ಪಂಗಡದವರು ಮುಖ ನೋಡದ ಊರುಗಳಿದ್ದವು. ಮೀನಿಗೆ, ಹಿಟ್ಟಿಗೆ ಪಂಗಡ ಇಲ್ಲ ಅನ್ನುವುದು ಕೋಡಿಯವರ ನಿಲುವು. ಸಂಘದ ಬಾಗಿಲು ಎಲ್ಲರಿಗೂ ತೆರೆದಿತ್ತು. ಜಾತಿಗೊಂದು ಡೈರಿ, ಪಾರ್ಟಿಗೊಂದು ಸೊಸೈಟಿ ಮಾಡಿಕೊಳ್ಳುವ ನಾವು ಇದನ್ನು ಎರಡು ಸಲ ಕೇಳಬೇಕು.

ವಿರೋಧ ಬರಲಿಲ್ಲವೇ? ಬಂತು. ವ್ಯಾಪಾರಿಗಳು ಸಿಟ್ಟಾದರು. ಪಾದ್ರಿಗೆ ಪೂಜೆ ಬಿಟ್ಟು ಅಂಗಡಿ ಯಾಕೆ ಅಂದರು. ಕೆಲವರು ಕಮ್ಯುನಿಸ್ಟ್ ಅಂತ ಬೈದರು, ಕಮ್ಯುನಿಸ್ಟರು ಇದು ಸಾಲದು, ಬರೀ ತೇಪೆ ಅಂದರು. ಹಸಿದ ಹೊಟ್ಟೆಯವನಿಗೆ ಪರಲೋಕದ ಮಾತು ಹೇಳುವುದು ಧರ್ಮವಲ್ಲ, ಅವನ ದುಡಿಮೆಗೆ ಬೆಲೆ ಬರುವಂತೆ ಮಾಡುವುದೂ ಪೂಜೆಯೇ ಅಂತ ಕೋಡಿಯವರು ನಂಬಿದ್ದರು. ಅದನ್ನೆಲ್ಲ ಸೇರಿಸಿ 1939ರಲ್ಲಿ ಒಂದು ಪುಸ್ತಕ ಬರೆದರು. ಅದರ ಹೆಸರನ್ನು ನಮ್ಮ ಮಾತಿಗೆ ತಂದರೆ "ತಮ್ಮ ಹಣೆಬರಹಕ್ಕೆ ತಾವೇ ಒಡೆಯರು" ಅಂತ ಆಗುತ್ತೆ. 1952ರಲ್ಲಿ ನಿವೃತ್ತರಾಗಿ, 1959ರ ಜುಲೈನಲ್ಲಿ ತೀರಿಕೊಂಡರು. ಅದೇ ವರ್ಷ ಆ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಅಂತರರಾಷ್ಟ್ರೀಯ ಸಂಸ್ಥೆ ತೆರೆಯಿತು. ನಮ್ಮ ದೇಶದ ಎಷ್ಟೋ ಕಾರ್ಯಕರ್ತರು ಅಲ್ಲಿ ಹೋಗಿ ಕಲಿತು ಬಂದಿದ್ದಾರೆ.

ಹೊಗಳಿಕೆ ಮಾತ್ರ ಹೇಳಿ ಕೂತರೆ ಪುರಾಣ ಓದಿದ ಹಾಗಾಗುತ್ತೆ. ಸೋಲನ್ನೂ ಹೇಳ್ತೀನಿ. ಮಕ್ಕಳ ಕಾಲ ಬಂದಾಗ ವ್ಯವಹಾರ ದೊಡ್ಡದಾಯಿತು, ಅಡುಗೆಮನೆಯ ಕೂಟಗಳು ನಿಂತುಹೋದವು. ಮ್ಯಾನೇಜರ್ ನೋಡಿಕೊಳ್ತಾನೆ ಬಿಡು ಅನ್ನುವ ಮಾತು ಶುರುವಾಯಿತು. ದೊಡ್ಡ ಕಂಪನಿಗಳ ದೊಡ್ಡ ದೋಣಿಗಳು ಕಡಲನ್ನೇ ಗುಡಿಸಿದವು. 1930ರಲ್ಲಿ ಕಟ್ಟಿದ ಆ ಬೆಸ್ತರ ಒಕ್ಕೂಟ 1988ರಲ್ಲಿ ದಿವಾಳಿ ಎದ್ದಿತು. 1992ರಿಂದ ಅಟ್ಲಾಂಟಿಕ್ ದಡದಲ್ಲಿ ಕಾಡ್ ಮೀನು ಹಿಡಿಯುವುದನ್ನೇ ಸರ್ಕಾರ ನಿಲ್ಲಿಸಬೇಕಾಯಿತು. ಪತ್ತಿನ ಸಂಘಗಳು ಉಳಿದವು, ಅಂಗಡಿಗಳು ಬಹಳ ಹೋದವು. ಒಂದು ತಲೆಮಾರು ಕಲಿತ ಲೆಕ್ಕ ಮುಂದಿನ ತಲೆಮಾರಿಗೆ ತಾನಾಗಿ ಬರೋದಿಲ್ಲ. ನೇಗಿಲು ಹಿಡಿಯೋದನ್ನು ಹೇಗೆ ಪ್ರತಿ ಮಗನಿಗೂ ಹೊಸದಾಗಿ ಕಲಿಸಬೇಕೋ ಇದನ್ನೂ ಹಾಗೇ ಕಲಿಸಬೇಕು.

ಈಗ ನಮ್ಮ ಮಾತಿಗೆ ಬರೋಣ. ಸಾಲ ಮನ್ನಾ ಆಗಿದೆ: 1990ರಲ್ಲಿ ಆಯಿತು, 2008ರಲ್ಲಿ ಆಯಿತು, ನಮ್ಮ ರಾಜ್ಯದಲ್ಲಿ 2018ರಲ್ಲೂ ಘೋಷಣೆ ಆಯಿತು. ಮನ್ನಾ ಬೇಡ ಅಂತ ನಾನು ಹೇಳೋದಿಲ್ಲ. ಮುಳುಗುವವನಿಗೆ ಮೊದಲು ಕೈ ಕೊಡಬೇಕು. ಬ್ಯಾಂಕು, ಸೊಸೈಟಿಯ ಪುಸ್ತಕದ ಬಾಕಿ ಅಳಿಯಿತು. ದಲ್ಲಾಳಿಯ ಪುಸ್ತಕದ್ದು ಅಳಿಯಿತೇ? ಆ ಬಾಕಿ ಯಾವ ದಾರಿಯಲ್ಲಿ ಬಂದು ಕೂತಿತೋ ಆ ದಾರಿ ಮುಚ್ಚಿತೇ? ಬೆಲೆಗಾಗಿ ಬೀದಿಗೆ ಇಳಿಯೋಣ, ಅದು ಬಿಡೋದು ಬೇಡ. ಬೀದಿಯಿಂದ ಮನೆಗೆ ಬಂದ ಮೇಲೆ ರಾತ್ರಿ ಏನು ಮಾಡುತ್ತೇವೆ ಅನ್ನೋದನ್ನೂ ಯೋಚಿಸೋಣ.

ನನ್ನದೊಂದು ಬೇಡಿಕೆ. ಊರಿಗೆ ಹೋದ ಮೇಲೆ ಹತ್ತು ಮನೆಯವರು ಸೇರಿ. ದೊಡ್ಡ ಹೆಸರು ಬೇಡ, ಬೋರ್ಡು ಬೇಡ, ಹಾರ ಬೇಡ. ಹನ್ನೆರಡು ವಾರ, ವಾರಕ್ಕೊಂದು ರಾತ್ರಿ, ಒಬ್ಬೊಬ್ಬರ ಜಗಲಿಯಲ್ಲಿ ಕೂತುಕೊಳ್ಳಿ. ಹೆಂಗಸರನ್ನು ಬಾಗಿಲ ಹಿಂದೆ ನಿಲ್ಲಿಸಬೇಡಿ. ಮನೆಯ ಉದ್ರಿ ಲೆಕ್ಕ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಮೊದಲ ವಾರ ಒಂದು ಎಕರೆಯ ಖರ್ಚು ಬರೆಯಿರಿ, ಮನೆಯವರ ಕೂಲಿಯನ್ನೂ ಸೇರಿಸಿ. ಎರಡನೇ ವಾರ ಮಂಡಿಯ ಬಿಳಿ ಚೀಟಿಗಳನ್ನು ತನ್ನಿ, ಮುರಿದುಕೊಂಡದ್ದನ್ನು ಕೂಡಿಸಿ. ಮೂರನೇ ವಾರ ಸೊಸೈಟಿಯ ಜಮಾಖರ್ಚಿನ ತಖ್ತೆ ಕೇಳಿ ತನ್ನಿ. ಸದಸ್ಯರು ನೀವು, ಕೇಳುವ ಹಕ್ಕು ನಿಮ್ಮದು. ಹನ್ನೆರಡು ವಾರ ಮುಗಿದ ಮೇಲೆ ಏನು ಮಾಡಬೇಕು ಅಂತ ನನ್ನಂಥವರು ಬಂದು ಹೇಳಬೇಕಾಗಿಲ್ಲ, ನಿಮಗೇ ಗೊತ್ತಾಗಿರುತ್ತೆ.

ನಮ್ಮಪ್ಪ ಕೇಳದೇ ಹೋದ ಮಾತನ್ನು ನಾನು ಐವತ್ತು ದಾಟಿದ ಮೇಲೆ ಕೇಳಲು ಕಲಿತೆ. ಹೋದ ಸುಗ್ಗಿಯಲ್ಲಿ ಮಂಡಿಗೆ ಹೋಗಿ, "ಸ್ವಾಮಿ, ಆ ಪುಸ್ತಕ ಸ್ವಲ್ಪ ಈ ಕಡೆ ತಿರುಗಿಸಿ" ಅಂದೆ. ಅವರ ಮುಖ ಸಣ್ಣಗಾಯಿತು, ಆದರೂ ತಿರುಗಿಸಿದರು. ಎರಡು ಕಡೆ ಕೂಡಿದ್ದು ತಪ್ಪಾಗಿತ್ತು. ತಿದ್ದಿಸಿಕೊಂಡು ಬಂದೆ. ನೀವು ಹತ್ತು ಜನ ಒಟ್ಟಿಗೆ ಹೋಗಿ ಕೇಳಿ.